ಮಡಿನೀರಿನ ಕೊಳವೆಗೆ ಯಾವ ಪೇಸ್ಟು?

ಕೆಲವರಿಗೆ ಚಿಂತೆ ತಾನಾಗಿ ಬರುತ್ತದೆ. ನನ್ನದು ಹಾಗಲ್ಲ. ಅದು ಬರುವ ಗಾಡಿಯ ಹೊತ್ತು ವಿಚಾರಿಸಿಕೊಂಡು, ಒಂದು ತಾಸು ಮೊದಲೇ ಸ್ಟೇಶನ್ನಿಗೆ ಹೋಗಿ ನಿಂತು, ಅದರ ಗಂಟುಮೂಟೆಯನ್ನೂ ನಾನೇ ಹೊತ್ತುಕೊಂಡು ಮನೆಗೆ ಕರೆತರುವ ಪೈಕಿ ನಾನು. ಔಷಧದ ಡಬ್ಬಿಯೊಳಗಿನ ಚೀಟಿ ಓದಿದರೆ ಸಾಕು, ಅದರಲ್ಲಿ ಬರೆದ ತಲೆಸುತ್ತು, ವಾಕರಿಕೆ ಎಲ್ಲ ಗುಳಿಗೆ ನುಂಗುವ ಮೊದಲೇ ಶುರುವಾಗುತ್ತವೆ. ಮನೆಗೆ ಬೀಗ ಹಾಕಿ ಜಗತ್ ಸರ್ಕಲ್ಲಿನವರೆಗೆ ಹೋದವನು, ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಒಮ್ಮೆ ಹಾಗೆ ಬಂದು ನೋಡಿದರೆ ಬೀಗವೇನೋ ಸರಿಯಾಗಿಯೇ ಬಿದ್ದಿತ್ತು, ಆದರೆ ನನ್ನ ಹೆಂಡತಿ ಸುಧಾ ಒಳಗಿದ್ದಳು. ಇಂಥವನು ಯಾವುದಾದರೂ ಕಚೇರಿಯಲ್ಲಿ ಫೈಲು ಕಟ್ಟಿಕೊಂಡಿದ್ದರೆ ಯಾರಿಗೂ ಬಾಧೆಯಿರಲಿಲ್ಲ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಏನೂ ಓದದವನು ಅಂಗಡಿಗೆ ಹೋಗಿ 'ಒಂದು ಡಬ್ಬಿ ಕೊಡ್ರಿ' ಎಂದು ಕೊಂಡು ಬರುತ್ತಾನೆ. ನನಗೆ ಆ ಡಬ್ಬಿಯೊಳಗೆ ಏನೇನಿರಬಹುದು, ಅದು ಗಾಳಿಗೆ ಏನಾಗುತ್ತದೆ, ನೀರಿಗೆ ಏನಾಗುತ್ತದೆ, ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದೆಲ್ಲ ಒಂದರ ಹಿಂದೆ ಒಂದು ಕಾಣತೊಡಗುತ್ತದೆ. ಕೊಳ್ಳದೆ ಬರಿಗೈಲಿ ಮನೆಗೆ ಬರುತ್ತೇನೆ.

ತಾಮ್ರದ ಕೊಳವೆಗೆ ಬೆಸುಗೆ ಹಾಕುವ ಮುಂಚೆ ಹಚ್ಚುವ ಪೇಸ್ಟಿನ ಆಯ್ಕೆಯಲ್ಲಿ ನಾನು ಒಂದೂವರೆ ತಿಂಗಳು ಕಳೆದೆ ಎಂದರೆ ನೀವು ನಗಬಹುದು. ನಗುವುದಕ್ಕೆ ಮೊದಲು ನನ್ನ ತಾಯಿಯ ವಿಷಯ ಕೇಳಬೇಕು. ಇದು ತೊಂಬತ್ತರ ದಶಕದ ಮೊದಮೊದಲ ವರ್ಷಗಳ ಮಾತು. ಖೂಬಾ ಪ್ಲಾಟಿನ ಹಳೆಯ ಮನೆಯಲ್ಲಿ ನಾವು ಮೂವರು: ನಾನು, ಸುಧಾ, ಮತ್ತು ನಾನು ಆಯಿ ಎಂದು ಕರೆಯುತ್ತಿದ್ದ ನನ್ನ ತಾಯಿ. ಆಯಿಗೆ ಆಗ ಎಪ್ಪತ್ತಾರು. ಬೆಳಿಗ್ಗೆ ಮಿಂದು, ಯಾರೂ ಮುಟ್ಟದೆ ಒಣಗಿದ ಮಡಿಸೀರೆ ಉಟ್ಟು, ಹಿತ್ತಿಲ ಬಾವಿಯಿಂದ ತಾನೇ ಸೇದಿ ತಂದ ನೀರಿನಲ್ಲಿ ತಾನೇ ಮಾಡಿದ ಅಡಿಗೆಯನ್ನಷ್ಟೇ ಉಣ್ಣುವುದು ಆಕೆಯ ನೇಮ. ನಲ್ಲಿಯ ನೀರು ನಡೆಯುತ್ತಿರಲಿಲ್ಲ. ನಲ್ಲಿಯೊಳಗೆ ಚರ್ಮದ ಬಿಲ್ಲೆ ಇರುತ್ತದೆ ಎಂದು ಆಕೆಯ ಅತ್ತೆ ಯಾವ ಕಾಲದಲ್ಲೋ ಹೇಳಿದ್ದರು. ಈಗಿನ ನಲ್ಲಿಗಳಲ್ಲಿ ರಬ್ಬರು ಇರುತ್ತದೆ ಎಂದು ನಾನು ಒಂದು ಹಳೆಯ ನಲ್ಲಿಯನ್ನು ಬಿಚ್ಚಿ ತೋರಿಸಹೋದೆ. ಅದರೊಳಗೆ ಚರ್ಮದ್ದೇ ಇತ್ತು. ಆಮೇಲೆ ಆ ಮಾತು ತೆಗೆಯಲಿಲ್ಲ.

ನಮ್ಮ ಮನೆಯಲ್ಲಿ ಹಿತ್ತಿಲು ಎತ್ತರ, ಅಡಿಗೆಮನೆ ತಗ್ಗು, ನಡುವೆ ಐದು ಮೆಟ್ಟಿಲು. ಒಂದು ದಿನ ತುಂಬಿದ ಕೊಡ ಹೊತ್ತು ಇಳಿಯುವಾಗ ಆಯಿ ಜಾರಿ ಬಿದ್ದಳು. ದೇವರ ದಯೆ, ಎಲುಬು ಮುರಿಯಲಿಲ್ಲ. ಆದರೆ ಸೊಂಟ ಹಿಡಿದುಕೊಂಡಿತು. ಡಾಕ್ಟರು ನೋಡಿ, ಬರಿಗೈಲಿ ಮೆಟ್ಟಿಲು ಹತ್ತಿ ಇಳಿಯಬಹುದು, ನಿಂತುಕೊಂಡೇ ಸಣ್ಣ ಪಾತ್ರೆಯಲ್ಲಿ ನೀರು ಸೇದಲೂಬಹುದು, ಆದರೆ ಇನ್ನು ಮುಂದೆ ಕೊಡ ಹೊರುವ ಹಾಗಿಲ್ಲ, ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದರು. ಆಯಿ ತಕರಾರು ಮಾಡಲಿಲ್ಲ. ಅಡಿಗೆಯನ್ನೇ ಬಿಟ್ಟಳು. ಒಂದು ತಂಬಿಗೆ ಕುಡಿಯುವ ನೀರನ್ನು ತಾನೇ ಸೇದಿ ತಂದುಕೊಂಡು, ಹಾಲು ಮತ್ತು ಕಮಲಾಪುರದ ಕೆಂಪು ಬಾಳೆಹಣ್ಣಿನ ಮೇಲೆ ಇರತೊಡಗಿದಳು. ಸುಧಾ ಬೆಳಗಿನ ಶಾಲೆಯ ಮಾಸ್ತರಿಣಿ, ಆರೂವರೆಗೇ ಮನೆ ಬಿಡಬೇಕು. ರವಿವಾರ ಮತ್ತು ಸೂಟಿಯ ದಿನ ಮಾತ್ರ ಅವಳು ಮಡಿಯಿಂದ ನೀರು ತಂದು ಕೊಡುತ್ತಿದ್ದಳು, ಆ ದಿನ ಮಾತ್ರ ಆಯಿಯ ತಾಟಿನಲ್ಲಿ ಅನ್ನ. ರವಿವಾರದ ನೀರನ್ನು ಸೋಮವಾರಕ್ಕೆ ಇಟ್ಟುಕೊಳ್ಳುವಂತಿಲ್ಲ, ಅದು ತಂಗಳು.

ಹಾಗಾದರೆ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳುತ್ತೀರಿ. ನಾನೂ ತಂದೆ, ಮೂರು ದಿನ ತಂದೆ. ಮೊದಲ ದಿನ ಒದ್ದೆ ಧೋತರದಲ್ಲಿ ಕೊಡ ಹಿಡಿದು ಬರುವಾಗ ಫೋನು ಗಣಗಣಿಸಿತು, ಏನು ಕೆಟ್ಟ ಸುದ್ದಿಯೋ ಎಂದು ಹೋಗಿ ಎತ್ತಿದೆ. ಮಡಿ ಹೋಯಿತು. ರಾಂಗ್ ನಂಬರು. ಎರಡನೆಯ ದಿನ ಹಗ್ಗದ ಮೇಲೆ ಒಣಹಾಕಿದ್ದ ನನ್ನದೇ ಪ್ಯಾಂಟು ಹಾರಿ ಬಂದು ಮೈಗೆ ಬಡಿಯಿತು. ಮೂರನೆಯ ದಿನ ಯಾವುದೂ ಬಂದು ತಾಕಬಾರದೆಂದು ಸುತ್ತಮುತ್ತ ನೋಡುತ್ತ ಸೇದುವಾಗ ಹಗ್ಗ ಕೈಯಿಂದ ಜಾರಿ ಕೊಡ ಬಾವಿಯ ಪಾಲಾಯಿತು. ಇನ್ನು ನೀನು ತರುವುದು ಬೇಡ ಎಂದಳು ಆಯಿ. ನನ್ನ ಪೂಜೆಗೆ ಬೇಕಾದ ಒಂದು ತಂಬಿಗೆ ನೀರನ್ನು ದಿನವೂ ನಾನೇ ತರುತ್ತಿರಲಿಲ್ಲವೇ, ಆ ಮಡಿ ನಡೆಯುವುದಾದರೆ ಇದೇಕೆ ನಡೆಯಬಾರದು ಎಂದು ವಾದ ಹೂಡಿದೆ. ಆಯಿ ಶಾಂತವಾಗಿ, "ದೇವರು ದೊಡ್ಡವ, ನಿನ್ನ ಮಡಿ ಸೈರಿಸ್ಕೋತಾನ. ನನಗ ಅಷ್ಟು ದೊಡ್ಡಸ್ತಿಕಿ ಇಲ್ಲಪ್ಪಾ" ಎಂದಳು.

ಹೀಗೆ ಮೂರು ವಾರ ಕಳೆಯಿತು. ಆಯಿ ಮೊದಲು ಐದು ನಿರಿಗೆ ಹಿಡಿಯುತ್ತಿದ್ದ ಸೀರೆಗೆ ಈಗ ಏಳು ನಿರಿಗೆ ಬರುತ್ತಿವೆ ಎಂದು ಸುಧಾ ನನ್ನ ಕಿವಿಯಲ್ಲಿ ಹೇಳಿದಳು. ಅಂದಿನಿಂದ ನನ್ನ ಕಣ್ಣು ಆ ನಿರಿಗೆಗಳ ಮೇಲೆ ಬಿತ್ತು. ಪಾಠ ಮಾಡುವಾಗಲೂ ನಿರಿಗೆ. ಮೆಟ್ಟಿಲ ಮೇಲೆ ಬರಿಗೈಲಿ ಇಳಿಯುವಾಗಲೂ ಆಯಿಯ ಕಾಲು ಸಣ್ಣಗೆ ನಡುಗುತ್ತಿತ್ತು. ಹಾಲು, ಹಣ್ಣು ಹೊಟ್ಟೆಗೆ ಸಾಲದೆ ನಿಶ್ಶಕ್ತಿಯಿಂದಲೇ ಆಕೆ ಇನ್ನೊಮ್ಮೆ ಬೀಳುತ್ತಾಳೆ ಎಂಬ ಭಯ ನನ್ನನ್ನು ಹಿಡಿದುಕೊಂಡಿತು. ಆ ಭಯದಲ್ಲೇ ನನಗೊಂದು ಉಪಾಯ ಹೊಳೆಯಿತು. ಬಾವಿಕಟ್ಟೆಯ ಮೇಲೊಂದು ತಾಮ್ರದ ಹಂಡೆ, ಅದರ ತಳಕ್ಕೊಂದು ಕೊಳವೆ, ಕೊಳವೆಯ ಇನ್ನೊಂದು ತುದಿ ಅಡಿಗೆಮನೆಯ ಹಂಡೆಯ ಬಾಯಿಗೆ. ಆಯಿ ನಿಂತಲ್ಲೇ ಸಣ್ಣ ಪಾತ್ರೆಯಿಂದ ಸೇದಿ ಸುರಿದರೆ ನೀರು ತಾನೇ ಇಳಿದು ಹೋಗುತ್ತದೆ. ನಲ್ಲಿ ಇಲ್ಲ, ಬಿಲ್ಲೆ ಇಲ್ಲ, ಹೊರುವುದಿಲ್ಲ. ಆಯಿ ಬಹಳ ಹೊತ್ತು ವಿಚಾರ ಮಾಡಿ, ಕಬ್ಬಿಣ ಬೇಡ, ಪ್ಲಾಸ್ಟಿಕ್ಕು ಬೇಡ, ತಾಮ್ರಕ್ಕೆ ದೋಷವಿಲ್ಲ ಎಂದು ಅಪ್ಪಣೆ ಕೊಟ್ಟಳು. ನಾನು ಸೊಲ್ಲಾಪುರಕ್ಕೆ ಹೋಗಿ ತಾಮ್ರದ ಕೊಳವೆ ಮತ್ತು ತಿರುವುಗಳಿಗೆ ಬೇಕಾದ ಮೊಣಕೈಗಳನ್ನು ತಂದೆ. ಒಟ್ಟು ಎಂಟು ಕಡೆ ಬೆಸುಗೆ ಹಾಕಬೇಕಿತ್ತು.

ಬೆಸುಗೆಗೆ ಶರಣಪ್ಪ ಬಂದ. ಸ್ಟೇಶನ್ ಬಜಾರದಲ್ಲಿ ಫ್ರಿಜ್ಜು ರಿಪೇರಿ ಮಾಡುವವನು, ತಾಮ್ರದ ನಳಿಗೆ ಜೋಡಿಸುವುದರಲ್ಲಿ ಅವನದು ಎತ್ತಿದ ಕೈ. ಬೆಸುಗೆಯ ಕಡ್ಡಿ ಮತ್ತು ಒಂದು ಡಬ್ಬಿ ಪೇಸ್ಟು ತಂದಿಡಲು ಹೇಳಿದ. ಪೇಸ್ಟು ಯಾಕೆ ಎಂದು ಆಯಿ ಕೇಳಿದಳು. ತಾಮ್ರ ಕಾದಾಗ ಅದರ ಮೇಲೆ ಕರಿ ಕಟ್ಟುತ್ತದೆ, ಕರಿ ಇದ್ದಲ್ಲಿ ಬೆಸುಗೆ ಹಿಡಿಯುವುದಿಲ್ಲ, ಪೇಸ್ಟು ಹಚ್ಚಿದರೆ ಆ ಕರಿಯನ್ನು ಅದು ತಿಂದುಹಾಕುತ್ತದೆ, ಬೆಸುಗೆ ನೀರಿನಂತೆ ಸಂದಿಯೊಳಗೆ ಓಡುತ್ತದೆ ಎಂದು ನಾನು ಅರ್ಧ ಪೀರಿಯಡ್ಡಿನ ಪಾಠವನ್ನೇ ಮಾಡಿದೆ. ಆಯಿ ಎಲ್ಲ ಕೇಳಿಸಿಕೊಂಡು, "ಅದು ನೀರಿನಾಗ ಇಳದ್ರ ಏನೂ ಆಗೂದಿಲ್ಲ ಹೌದಲ್ಲೋ ಶ್ರೀಪಾದಾ? ನೀ ಒಮ್ಮೆ ಎಲ್ಲಾ ನೋಡು" ಎಂದಳು. ಚರ್ಮದ ಬಿಲ್ಲೆ ಕಣ್ಣ ಮುಂದೆ ಬಂತು. ಪೇಸ್ಟು ಎಂದರೆ ಜಿಡ್ಡು. ಜಿಡ್ಡು ಎಂದರೆ ಚರಬಿ. ಯಾವ ಪ್ರಾಣಿಯ ಚರಬಿಯೋ ಬಲ್ಲವರಾರು? ನೋಡುತ್ತೇನೆ ಎಂದು ಮಾತು ಕೊಟ್ಟೆ.

ನೋಡಲು ಜಗತ್ ಸರ್ಕಲ್ಲಿನ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರು ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರು. ಇವರಿಗೆ ನನ್ನ ಸಂಕಟ ಅರ್ಥವಾದೀತೆಂದು ಸಮಾಧಾನವಾಯಿತು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದೆ. ಅದರ ಮೇಲೆ ಹಚ್ಚುವ ಬಗೆ ಇತ್ತು, ಮಕ್ಕಳ ಕೈಗೆ ಕೊಡಬೇಡಿ ಎಂದಿತ್ತು, ಒಳಗೆ ಏನಿದೆ ಎಂಬುದೊಂದೇ ಇರಲಿಲ್ಲ. ಮುಚ್ಚಳ ತೆಗೆದು ಮೂಸಿದೆ. ಹಳದಿ ಬಣ್ಣ, ಬೆಣ್ಣೆಯ ಹದ, ಹಳೆಯ ಕೊಬ್ಬರಿಯ ಕಮಟು. ಇದರಲ್ಲಿ ಚರಬಿ ಇದೆಯೇ ಎಂದು ದನಿ ತಗ್ಗಿಸಿ ಕೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಸರ, ಇದು ಹಚ್ಚೂದ್ರಿ, ಉಣ್ಣೂದಲ್ಲ" ಎಂದರು. ಹಿಂದೆ ಮೊಳೆ ಕೊಳ್ಳಲು ನಿಂತಿದ್ದ ಇಬ್ಬರು ನಕ್ಕರು. ಅವಮಾನ ತಪ್ಪಿಸಿಕೊಳ್ಳಲು ಒಂದು ಡಬ್ಬಿ ಕೊಂಡೆ. ಅದರ ಜೊತೆಗೆ ಬೆಸುಗೆಯ ಕಡ್ಡಿಯನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು, ಅದನ್ನು ಚೀಲಕ್ಕೆ ಹಾಕಿಕೊಂಡೆ.

ಮರುದಿನ ಡಬ್ಬಿಯನ್ನು ಕಾಲೇಜಿನ ಪ್ರಯೋಗಶಾಲೆಗೆ ಒಯ್ದೆ. ಚರಬಿ ಅಥವಾ ಎಣ್ಣೆಯನ್ನು ಒಂದು ಲವಣದ ಜೊತೆ ಬಲವಾಗಿ ಕಾಯಿಸಿದರೆ ಮೂಗು ಚುಚ್ಚುವ ಘಾಟು ಬರುತ್ತದೆ. ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗರೂ ಮಾಡುವ ಪರೀಕ್ಷೆ. ಬಾಗಿಲು ಹಾಕಿಕೊಂಡು ನಳಿಗೆಯಲ್ಲಿ ಚೂರು ಪೇಸ್ಟು ಹಾಕಿ ಕಾಯಿಸಿದೆ. ಘಾಟು ಬಂತು. ಅಷ್ಟರಲ್ಲಿ ಹೊರಗಿನಿಂದ ಜವಾನ ಬಾಗಿಲು ತೆರೆದು, ಸರ, ಒಳಗ ಭಜಿ ಕರೀಲಿಕತ್ತೀರೇನು ಎಂದು ವಿಚಾರಿಸಿದ. ಜಿಡ್ಡು ಇರುವುದು ಖಾತ್ರಿಯಾಯಿತು. ಆದರೆ ಅದು ಪ್ರಾಣಿಯದೋ, ಗಿಡದ ಎಣ್ಣೆಯೋ ಎಂಬುದನ್ನು ಆ ಘಾಟು ಹೇಳುವುದಿಲ್ಲ. ಹೇಳುವ ಪರೀಕ್ಷೆಗಳಿವೆ, ಅವಕ್ಕೆ ಬೇಕಾದ ಸಾಮಗ್ರಿ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಮೊದಲು ಅನುಮಾನ ಮಾತ್ರ ಇತ್ತು, ಈಗ ವೈಜ್ಞಾನಿಕ ಅನುಮಾನವಾಯಿತು. ಮಧ್ಯಾಹ್ನದ ಡಬ್ಬಿ ತೆರೆದರೆ ಪಲ್ಯದಲ್ಲೂ ಅದೇ ಕಮಟು ಬಂದ ಹಾಗೆನಿಸಿ ಊಟ ಬಿಟ್ಟೆ. ಮನೆಯಲ್ಲಿ ಈಗ ಇಬ್ಬರು ಉಪವಾಸ.

ಪೇಸ್ಟು ಬಿಟ್ಟರೆ ಉಳಿದ ದಾರಿಗಳು ಎರಡು. ಒಂದು, ಆ್ಯಸಿಡ್ಡಿಗೆ ಸತುವಿನ ಚೂರು ಹಾಕಿ, ಅದು ಕುದಿಯುವುದು ನಿಂತ ಮೇಲೆ ಆ ನೀರನ್ನು ಹಚ್ಚುವುದು. ಅದರಲ್ಲಿ ಪ್ರಾಣಿಯ ಸಂಬಂಧವೇ ಇಲ್ಲ, ಶುದ್ಧ ಸಸ್ಯಾಹಾರಿ ಆ್ಯಸಿಡ್ಡು ಎಂದು ಶರಣಪ್ಪ ಬಹಳ ಹುರುಪಿನಿಂದ ಹೇಳಿದ. ಆದರೆ ಅದನ್ನು ಪೂರ್ತಿ ತೊಳೆಯದಿದ್ದರೆ ಒಳಗೊಳಗೇ ತಾಮ್ರವನ್ನು ತಿಂದು ಹಸಿರು ಕಿಲುಬು ಎಬ್ಬಿಸುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯಿತು. ಕಿಲುಬಿನ ನೀರಿನಲ್ಲಿ ಬೆಂದ ಅನ್ನ, ಆಯಿಗೆ ಹೊಟ್ಟೆ ತೊಳಸುವುದು, ದವಾಖಾನೆ, ಪೇಪರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರ ಮನೆಯಲ್ಲಿ ಹೀಗಾಯಿತು ಎಂಬ ಸುದ್ದಿ, ಅದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳು, ಎಲ್ಲ ಒಂದೇ ಉಸಿರಿಗೆ ಕಂಡವು. ಬೇಡ ಎಂದೆ. ಇನ್ನೊಂದು ದಾರಿ ರಾಳ. ಮರದ ಅಂಟು, ಧೂಪಕ್ಕೆ ಹಾಕುವಂಥದೇ. ಇದಕ್ಕೆ ಆಯಿಯೂ ತಲೆದೂಗಿದಳು. ಇಷ್ಟು ಸುಲಭದ ಉತ್ತರ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನನಗೂ ಹಿಗ್ಗು. ಶರಣಪ್ಪ ಎರಡು ತುಂಡು ಕೊಳವೆಗೆ ರಾಳ ಹಚ್ಚಿ, ಗ್ಯಾಸ್ ಬತ್ತಿಯ ಉರಿಯಿಂದ ಕಾಯಿಸಿ ಬೆಸುಗೆ ಹಾಕಿ ತೋರಿಸಿದ. ಬೆಸುಗೆ ಒಳಗೆ ಓಡಲಿಲ್ಲ, ಹೊರಗೇ ಗುಂಡುಗುಂಡಾಗಿ ಕೂತು ಕೆಳಗುದುರಿತು. ನೀರು ಹಾಕಿದರೆ ಸುತ್ತಲೂ ಜಿನುಗಿತು.

ಶರಣಪ್ಪನ ಸಹನೆ ಅಲ್ಲಿಗೆ ಮುಗಿಯಿತು. "ಸರ, ಪೇಸ್ಟಿಲ್ದ ಇದು ಆಗೂ ಕೆಲಸ ಅಲ್ರಿ. ಆಯಿ ಅವರಿಗೆ ಹೇಳಬ್ಯಾಡ್ರಿ, ನಾನೂ ಹೇಳೂದಿಲ್ಲ, ಹಚ್ಚಿ ಮುಗಿಸಿಬಿಡ್ತೀನಿ" ಎಂದ. ಅವನ ಮಾತಿನಲ್ಲಿ ದುಷ್ಟತನವೇನೂ ಇರಲಿಲ್ಲ, ಮುದುಕಿಯೊಬ್ಬಳು ಅನ್ನ ಉಣ್ಣಲಿ ಎಂಬ ಕಳಕಳಿಯೇ ಇತ್ತು. ನಿಜ ಹೇಳಬೇಕೆಂದರೆ ನನಗೂ ಆಸೆಯಾಯಿತು. ಆದರೆ ಸುಳ್ಳು ಹೇಳುವುದಕ್ಕೂ ಒಂದು ಗುಂಡಿಗೆ ಬೇಕು. ಆಯಿ ಒಂದೊಂದು ತುತ್ತು ಬಾಯಿಗಿಡುವಾಗಲೂ ನನ್ನ ಮುಖ ಬಿಳಚಿಕೊಳ್ಳುವುದು, ಆಯಿ ಏನಾಯಿತೋ ಎನ್ನುವುದು, ನಾನು ಎಲ್ಲ ಒದರಿಬಿಡುವುದು, ಇದು ಖಂಡಿತ. ನಾಲ್ಕು ದಿನ ತಡೆ ಎಂದು ಅವನ ಕೈ ಹಿಡಿದುಕೊಂಡೆ. ಸುಧಾ ಅಂದು ಶಾಲೆಯಿಂದ ಬಂದವಳು ಅಂಗಳದಲ್ಲಿ ಬಿದ್ದಿದ್ದ ಕೊಳವೆಗಳನ್ನು ದಾಟುತ್ತ, ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎನ್ನುತ್ತಾರೆ, ನಿಮ್ಮಲ್ಲಿ ಆ ಮುಕ್ಕಾಲನ್ನೂ ಓದೇ ತಿಂದಿದೆ ಎಂದಳು. ಆಮೇಲೆ ತಾನೇ ಮೆತ್ತಗಾಗಿ, ಆಯಿಯ ತಪ್ಪೇಲಿ, ಕೊಡಗಳಿಗೆಲ್ಲ ಕಲಾಯಿ ಹಾಕುತ್ತಿದ್ದ ಇಮಾಮಸಾಬರನ್ನಾದರೂ ಕೇಳಬಾರದೇ, ಅವರೂ ತಾಮ್ರಕ್ಕೇ ಅಲ್ಲವೇ ತವರ ಹಿಡಿಸುತ್ತಿದ್ದುದು ಎಂದಳು.

ಇಮಾಮಸಾಬರು ಹಿಂದೆ ವರ್ಷಕ್ಕೆರಡು ಸಲ ನಮ್ಮ ಓಣಿಗೆ ಬಂದು, ಬೇವಿನ ಗಿಡದ ಕೆಳಗೆ ಒಲೆ ಹೂಡಿ, ಭಾಂಡೆಗಳನ್ನು ಬೆಳ್ಳಿಯ ಹಾಗೆ ಮಾಡಿಕೊಟ್ಟು ಹೋಗುತ್ತಿದ್ದರು. ಸ್ಟೀಲಿನ ಭಾಂಡೆಗಳು ಬಂದ ಮೇಲೆ ಕೆಲಸ ಕಡಿಮೆಯಾಗಿ, ವಯಸ್ಸೂ ಆಗಿ, ಕಮಲಾಪುರದಲ್ಲಿ ಮಗಳ ಮನೆ ಸೇರಿದ್ದರು. ಮುಂದಿನ ರವಿವಾರ ಒಂದು ಚೀಲದಲ್ಲಿ ಕೊಳವೆಯ ತುಂಡು, ಪೇಸ್ಟಿನ ಡಬ್ಬಿ, ರಾಳ, ಬೆಸುಗೆಯ ಕಡ್ಡಿ ತುಂಬಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಹೆದರಿಕೆ: ಅವರು ಇಲ್ಲದಿದ್ದರೆ? ಇದ್ದೂ ನೆನಪು ಹೋಗಿದ್ದರೆ? ನೆನಪಿದ್ದೂ ತಾವು ಹಚ್ಚುತ್ತಿದ್ದುದು ಚರಬಿಯನ್ನೇ ಎಂದು ಹೇಳಿಬಿಟ್ಟರೆ? ಆಗ ಆಯಿ ಐವತ್ತು ವರ್ಷ ಉಂಡ ಪಾತ್ರೆಗಳ ಗತಿ ಏನು? ಈ ಮೂರನೆಯ ಹೆದರಿಕೆ ಹುಟ್ಟಿದಾಗ ಅರ್ಧ ದಾರಿಯಲ್ಲಿ ಇಳಿದು ಮರಳಲೇ ಎಂದುಕೊಂಡೆ. ಕಂಡಕ್ಟರ್ ಟಿಕೀಟು ಹರಿದಾಗಿತ್ತು.

ಅವರು ಮನೆಯ ಮುಂದಿನ ಕಟ್ಟೆಯ ಮೇಲೆಯೇ ಕೂತಿದ್ದರು. ಗುರುತು ಹಿಡಿದು, ಚಹಾ ತರಿಸಿ, ಆಯಿಯ ಆರೋಗ್ಯ ವಿಚಾರಿಸಿದರು. ನಾನು ಎಲ್ಲ ಹೇಳಿದೆ. ಕಲಾಯಿಗೆ ತಾವು ಹಚ್ಚುತ್ತಿದ್ದುದು ನವಸಾಗರ, ಅದೊಂದು ಉಪ್ಪು ಎಂದರು. ಜೀವ ಬಂದಂತಾಯಿತು. ಮರುಗಳಿಗೆಯಲ್ಲೇ ನವಸಾಗರವನ್ನು ಹಿಂದಿನ ಕಾಲದಲ್ಲಿ ಒಂಟೆಯ ಲದ್ದಿ ಸುಟ್ಟು ತೆಗೆಯುತ್ತಿದ್ದರು ಎಂದು ಎಲ್ಲೋ ಓದಿದ್ದು ನೆನಪಾಗಿ ಆ ಜೀವ ಮತ್ತೆ ಹೋಯಿತು. ಈಗ ಕಾರ್ಖಾನೆಯಲ್ಲೇ ಮಾಡುತ್ತಾರೆ ಎಂಬುದೂ ಗೊತ್ತಿತ್ತು, ಆದರೆ ಇಂಥ ಹೊತ್ತಿನಲ್ಲಿ ನನಗೆ ಮೊದಲು ನೆನಪಾಗುವುದು ಲದ್ದಿಯೇ. ಅದು ಕೊಳವೆಯೊಳಗೆ ಉಳಿದರೆ ತಾಮ್ರವನ್ನು ಕೊರೆಯುತ್ತದಲ್ಲ ಎಂದೆ. ಹೌದು, ಪಾತ್ರೆಯಾದರೆ ತಿಕ್ಕಿ ತೊಳೆಯಬಹುದು, ಕೊಳವೆಯೊಳಗೆ ಕೈ ಹೋಗುವುದಿಲ್ಲ, ನಿಮಗೆ ರಾಳವೇ ಒಳ್ಳೆಯದು ಎಂದು ಅವರೂ ಒಪ್ಪಿದರು. ರಾಳ ಹಿಡಿಯಲಿಲ್ಲ ಎಂದು ಬೆಸುಗೆ ಉದುರಿದ ಕೊಳವೆಯ ತುಂಡು ತೋರಿಸಿದೆ. ಅವರು ಅದರ ಮೇಲೆ ಬೆರಳಾಡಿಸಿ ನಕ್ಕರು. ಕೊಳವೆಯನ್ನು ತಿಕ್ಕದೇ ಹಚ್ಚಿದ್ದೀರಿ, ಪೇಸ್ಟಿನಲ್ಲಿ ಉಪ್ಪು ಇರುತ್ತದೆ, ಹೊಲಸಿದ್ದರೂ ನಡೆಸಿಕೊಂಡು ಹೋಗುತ್ತದೆ, ರಾಳ ಮೆತ್ತನೆಯದು, ಅದಕ್ಕೆ ತಾಮ್ರ ಮೊದಲೇ ಸ್ವಚ್ಛ ಇರಬೇಕು, ಹುಣಸೆಹಣ್ಣು ಮತ್ತು ಉಸುಕು ಹಾಕಿ ಕೆಂಪಗೆ ಹೊಳೆಯುವ ತನಕ ತಿಕ್ಕಿ ತೊಳೆದು ಒರಸಿ ಆಮೇಲೆ ಹಚ್ಚಬೇಕು ಎಂದರು. ಇಷ್ಟೇ. ಆಯಿ ದಿನವೂ ಬೆಳಿಗ್ಗೆ ಕೊಡಗಳಿಗೆ ಮಾಡುವ ಕೆಲಸವಿದು. ಸಂತೋಷದಿಂದ ನನ್ನ ಕಣ್ಣಲ್ಲಿ ನೀರು ಬಂತು. ಇನ್ನೂ ನಾಲ್ಕು ಪ್ರಶ್ನೆ ಕೇಳಿ ಎಲ್ಲ ಗಟ್ಟಿಮಾಡಿಕೊಂಡೆ.

ಚೀಲ ಕಟ್ಟುವಾಗ ಇಮಾಮಸಾಬರು ತಡೆದರು. "ಮಾಸ್ತರ್ ಸಾಬ್, ಒಂದು ತಾಸಿನಿಂದ ಹಚ್ಚೋದೇ ಕೇಳಾಕತ್ತೀರಿ. ಹಾಕೋದು ಏನು ಹಾಕ್ತೀರಿ, ಅದು ತೋರಸ್ರಿ."

ಬೆಸುಗೆಯ ಕಡ್ಡಿ ತೆಗೆದು ಕೊಟ್ಟೆ. ಅವರು ಅದನ್ನು ಕಾಗದದ ಮೇಲೆ ಎಳೆದರು, ಪೆನ್ಸಿಲಿನ ಹಾಗೆ ಬೂದಿಬಣ್ಣದ ಗೆರೆ ಮೂಡಿತು. ಒಳಗೆ ಹೋಗಿ ತಮ್ಮ ಹಳೆಯ ಪೆಟ್ಟಿಗೆಯಿಂದ ಇನ್ನೊಂದು ಕಡ್ಡಿ ತಂದು ನನ್ನ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಕಿರಕಿರ ಎಂದು ಸಣ್ಣ ಸದ್ದು ಬಂತು. ನನ್ನ ಕಡ್ಡಿಯನ್ನು ಬಗ್ಗಿಸಿದರು. ಅದು ಸದ್ದಿಲ್ಲದೆ ಬಗ್ಗಿತು. "ಇದು ತವರ, ಅಳ್ತದ. ನಿಮ್ಮದ್ರಾಗ ಅರ್ಧಕ್ಕಿಂತ ಜಾಸ್ತಿ ಸೀಸಾ ಅದ. ಉಣ್ಣೋ ಭಾಂಡೇಕ್ಕ ಸೀಸಾ ಹಾಕಿದ್ರ ನಮ್ಮ ಅಬ್ಬಾ ನಮ್ಮ ಕೈ ಮುರೀತಿದ್ರು."

ಶುದ್ಧ ತವರವನ್ನು ಬಗ್ಗಿಸಿದರೆ ಅಳುವ ಸದ್ದು ಬರುತ್ತದೆ ಎಂದು ನಾನು ಹದಿನೆಂಟು ವರ್ಷ ಹುಡುಗರಿಗೆ ಬರೆಸಿದ್ದೆ, ಕಿವಿಯಾರೆ ಕೇಳಿದ್ದು ಅಂದೇ ಮೊದಲು. ಅದರ ಮುಂದಿನ ಪುಟದಲ್ಲೇ ಸೀಸದ ಪಾಠ. ಸೀಸವು ನಿಧಾನ ವಿಷ, ನೀರಿನ ಮೂಲಕ ದೇಹ ಸೇರಿ ನರಗಳನ್ನು ಕೆಡಿಸುತ್ತದೆ, ಪರೀಕ್ಷೆಗೆ ಖಂಡಿತ ಬರುವ ಪ್ರಶ್ನೆ, ಕೆಳಗೆ ಎರಡು ಗೆರೆ ಎಳೆಯಿರಿ. ಕಡ್ಡಿಯ ಒಂದು ಮಗ್ಗುಲಲ್ಲಿ ನಲವತ್ತು, ಅರವತ್ತು ಎಂದು ಅಂಕಿಗಳನ್ನು ಒತ್ತಿದ್ದರು, ತವರ ಇಷ್ಟು, ಸೀಸ ಇಷ್ಟು. ಡಬ್ಬಿಯ ಮುಚ್ಚಳದ ಒಳಮೈಯನ್ನೂ ಓದಿದವನು ನಾನು, ಅದನ್ನು ಓದಿರಲಿಲ್ಲ. ಆ ದಿನ ರಾಳ ಹಿಡಿದೇ ಬಿಟ್ಟಿದ್ದರೆ, ಎಂಟು ಕಡೆ ಈ ಸೀಸ ಕೂತು, ದಿನವೂ ಆಯಿಯ ಅನ್ನಕ್ಕೆ ಇಳಿಯುತ್ತಿತ್ತು. ಚರಬಿ ಮಾತ್ರ ಒಂದು ಹನಿಯೂ ಇರುತ್ತಿರಲಿಲ್ಲ. ಇಮಾಮಸಾಬರು ತಮ್ಮ ತವರದ ಕಡ್ಡಿಗಳನ್ನು ಕಟ್ಟಿಕೊಟ್ಟು, ಆಯಿಗೆ ಎಂದು ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನೂ ಕೊಟ್ಟರು. ತಿರುಗಿ ಬರುವಾಗ ಬಸ್ಸಿನಲ್ಲಿ ಆ ಅಂಕಿಗಳನ್ನು ಮತ್ತೆ ಮತ್ತೆ ಓದಿದೆ. ಇಷ್ಟು ದಿನ ಬರಬಹುದಾದದ್ದನ್ನೆಲ್ಲ ನೆನೆದು ಹೆದರಿದ್ದೆ, ತಪ್ಪಿಹೋದದ್ದನ್ನು ನೆನೆದು ಅಷ್ಟು ಹೆದರಿದ್ದು ಅದೇ ಮೊದಲ ಸಲ. ಮನೆಗೆ ಬಂದು ಸುಧಾಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅದರಿಂದ ಇನ್ನಷ್ಟು ಹೆದರಿಕೆಯಾಯಿತು.

ಕೊಳವೆಗಳ ತುದಿಯನ್ನೆಲ್ಲ ಆಯಿಯೇ ಕೂತು ತಿಕ್ಕಿಕೊಟ್ಟಳು. ಹುಣಸೆಹಣ್ಣು, ಉಸುಕು, ತೆಂಗಿನ ನಾರು. ಐವತ್ತು ವರ್ಷ ತಾಮ್ರ ತಿಕ್ಕಿದ ಕೈ ಅದು, ಒಂದು ತಾಸಿನಲ್ಲಿ ಎಂಟೂ ತುದಿ ಹೊಸ ದುಡ್ಡಿನಂತೆ ಹೊಳೆದವು. ಶರಣಪ್ಪ ಅಪನಂಬಿಕೆಯಿಂದಲೇ ರಾಳ ಹಚ್ಚಿ, ಕಾಯಿಸಿ, ತವರದ ಕಡ್ಡಿ ಮುಟ್ಟಿಸಿದ. ಅದು ಕರಗಿ ಸುತ್ತಲೂ ಒಂದು ಬೆಳ್ಳಿಯ ಗೆರೆಯಾಗಿ ಒಳಗೆ ಓಡಿತು. ಎಂಟನೆಯ ಬೆಸುಗೆ ಮುಗಿದಾಗ ಅವನು ಕಡ್ಡಿಯ ಉಳಿದ ತುಂಡನ್ನು ಕೇಳಿ ಪಡೆದು ಜೇಬಿನಲ್ಲಿಟ್ಟುಕೊಂಡ. ನಾನು ಎರಡು ದಿನ ನೀರು ಹರಿಬಿಟ್ಟು, ಬೆಳಿಗ್ಗೆ ಸಂಜೆ ಒಂದೊಂದು ಸಂದಿಯನ್ನೂ ಒಣ ಬೆರಳಿನಿಂದ ಮುಟ್ಟಿ ನೋಡಿದೆ. ಎಲ್ಲಿಯೂ ಜಿನುಗಲಿಲ್ಲ.

ಬುಧವಾರ ಬೆಳಿಗ್ಗೆ ಆಯಿ ಮಡಿಸೀರೆಯಲ್ಲಿ ಬಾವಿಕಟ್ಟೆಗೆ ಹೋಗಿ, ಸಣ್ಣ ಪಾತ್ರೆಯಿಂದ ಸೇದಿ ಹಂಡೆಗೆ ಸುರಿದಳು. ಅಡಿಗೆಮನೆಯಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಆಕೆ ಬರಿಗೈಲಿ ಮೆಟ್ಟಿಲಿಳಿದು ಹೋಗಿ ಅನ್ನಕ್ಕಿಟ್ಟಳು. ಸುಧಾ ಅಂದು ಶಾಲೆಗೆ ರಜೆ ಹಾಕಿದ್ದಳು. ಮಡಿಗೆ ದೂರವಾಗಿ, ಅಡಿಗೆಮನೆಯ ಹೊಸ್ತಿಲ ಈಚೆ ನಾವಿಬ್ಬರೂ ಕೂತು ನೋಡುತ್ತಿದ್ದೆವು. ಅನ್ನ, ತೊವ್ವೆ, ಒಂದು ಚಮಚ ತುಪ್ಪ. ಎರಡು ತಿಂಗಳಿಗೂ ಹೆಚ್ಚು ಕಾಲದ ನಂತರ ವಾರದ ನಡುವೆ ಆಯಿ ಅನ್ನ ಉಣ್ಣುತ್ತಿದ್ದಳು. ಎರಡು ತುತ್ತಿನ ಮೇಲೆ ಆಕೆ ತಲೆಯೆತ್ತಿ, ಅಷ್ಟು ದಿನ ಊರೆಲ್ಲ ಏನು ಕೇಳಿಕೊಂಡು ತಿರುಗುತ್ತಿದ್ದೆ ಎಂದು ಕೇಳಿದಳು. ನನಗೆ ಧೈರ್ಯ ಬಂತು. ಜಗತ್ ಸರ್ಕಲ್ಲಿನ ಅಂಗಡಿ, ಪ್ರಯೋಗಶಾಲೆಯ ಘಾಟು, ರಾಳದ ಗುಣ, ಎಲ್ಲ ವಿವರವಾಗಿ ಹೇಳಿ, ಚರಬಿಯ ವಾಸನೆಯೂ ತಾಕದಂತೆ ನೋಡಿಕೊಂಡಿದ್ದೇನೆ ಎಂದು ಮುಗಿಸಿದೆ. ಕಮಲಾಪುರದ ಮಾತಿಗೆ ಬಂದಾಗ ಹುಣಸೆಹಣ್ಣಿನವರೆಗೆ ಹೇಳಿ, ಸೀಸದ ಮಾತೆತ್ತದೆ ನಿಲ್ಲಿಸಿದೆ.

ಆಯಿಗೆ ಆಶ್ಚರ್ಯವಾಯಿತು. "ಚರಬಿ ಇದ್ರ ಇರ್ತಿತ್ತು. ಹುಣಸಿಹಣ್ಣು ಹಾಕಿ ತೊಳಿಸಿ, ಮೂರು ದಿನ ನೀರು ಹರಿಸಿ ಶುದ್ಧ ಮಾಡ್ಕೋತಿದ್ದೆ. ಮೈಲಿಗಿಗೆ ದಾರಿ ಅದನೋ, ಅದು ನನಗ ಗೊತ್ತದ. ವಿಷಕ್ಕ ಎಲ್ಲಿ ದಾರಿ ಅದ? ಅದನ್ನ ನೀ ಓದೀದಿ, ನೀ ನೋಡ್ತೀ ಅಂತ ನಿನಗ ಕೇಳಿದ್ದೆ. ನೋಡಿದಿ ಹೌದಲ್ಲೋ?"

ಸುಧಾ ನನ್ನ ಕಡೆ ತಿರುಗಿದಳು. ಆಯಿಯ ಕೈ ಅನ್ನದ ಮೇಲೆ ನನ್ನ ಉತ್ತರಕ್ಕಾಗಿ ಕಾದು ನಿಂತಿತ್ತು.

"ನೋಡೀನಿ ಆಯಿ" ಎಂದೆ.

ಆಯಿ ತೊವ್ವೆ ಕಲಸಿಕೊಂಡು ಮತ್ತೆ ಉಣ್ಣತೊಡಗಿದಳು. "ಇಷ್ಟು ಓದಿಸಿದ್ದು ಇವತ್ತ ಸಾರ್ಥಕ ಆತು ನೋಡವಾ ಸುಧಾ" ಎಂದು ಎರಡನೆಯ ಸಲ ಅನ್ನ ಹಾಕಿಕೊಂಡಳು. ನಾನು ಹೊಸ್ತಿಲನ್ನೇ ನೋಡುತ್ತ ಕೂತೆ.